ಕಾಖಂಡಕಿಯಿಂದ ಬಂದ ಸುದ್ದಿ

ಮೊನ್ನೆ ಮೊದಲ ಮಳೆ ಬಿದ್ದ ಮರುದಿನ ಮುನಸಿಪಾಲಿಟಿಯವರು ಬಂದು ಇಬ್ರಾಹಿಂಪುರದ ನಮ್ಮ ಓಣಿಯ ಗಟಾರದುದ್ದಕ್ಕೂ ಬ್ಲೀಚಿಂಗ್ ಪುಡಿ ಚೆಲ್ಲಿ ಹೋದರು. ನಾನು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಘಾಟು ಮೂಗಿಗೆ ಬಡಿಯಿತು. ಸೊಸೆ ಒಳಗಿನಿಂದ, "ಮಾವಾರ, ಒಳಗ ಬರ್ರಿ, ಕೆಮ್ಮು ಹತ್ತೀತು" ಎಂದಳು. ನಾನು ಏಳಲಿಲ್ಲ. ಹಸಿ ಮಣ್ಣು, ಆ ಪುಡಿ, ಮೋಡ ಕವಿದ ಮಧ್ಯಾಹ್ನ ಕೂಡಿ ಬಂದರೆ ನನಗೆ ಬೇರೆ ಯಾವ ಮಳೆಗಾಲವೂ ನೆನಪಾಗುವುದಿಲ್ಲ. ನನ್ನ ಅಕ್ಕ ನೀಲವ್ವ ಸತ್ತ ಮಳೆಗಾಲವೊಂದೇ ನೆನಪಾಗುತ್ತದೆ.

ಅದು ಯುದ್ಧ ಮುಗಿದ ಮರುವರ್ಷ. ವಿಜಾಪುರದಲ್ಲಿ ಕಾಲೇಜು ಆಗಷ್ಟೇ ಶುರುವಾಗಿತ್ತು. ಅಲ್ಲಿಯತನಕ ಮ್ಯಾಟ್ರಿಕ್ ಆದವರು ಮುಂದೆ ಓದಬೇಕೆಂದರೆ ಸಾಂಗ್ಲಿಗೋ ಧಾರವಾಡಕ್ಕೋ ಹೋಗಬೇಕಿತ್ತು. ತಿಕೋಟಾದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನನ್ನ ಅಪ್ಪನಿಗೆ ಮಗನನ್ನು ಅಷ್ಟು ದೂರ ಕಳಿಸುವ ಮನಸ್ಸಿರಲಿಲ್ಲ. ವಿಜಾಪುರವಾದರೆ ಶನಿವಾರಕ್ಕೊಮ್ಮೆ ಮನೆಗೆ ಬಂದು ಹೋಗಬಹುದೆಂದು ಒಪ್ಪಿದ. ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಆಗ. ಏರು ಬಂದಲ್ಲಿ ನಾವೇ ಇಳಿದು ನೂಕಬೇಕು. ಆದರೂ ಆ ಬಸ್ಸು ಹತ್ತುವಾಗ ನನಗೆ ದೊಡ್ಡ ಹೆಮ್ಮೆ ಇರುತ್ತಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ.

ಕಾಲೇಜಿನಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದವರು ಜೋಶಿ ಸರ್. ತೆಳ್ಳಗಿನ ಮನುಷ್ಯ, ಕೋಟಿನ ಗುಂಡಿ ಯಾವಾಗಲೂ ತಪ್ಪಾಗಿ ಹಾಕಿರುತ್ತಿದ್ದರು. ಜೂನ್ ತಿಂಗಳಿನಲ್ಲಿ ಒಂದು ದಿನ ಅವರು ಇಡೀ ಕ್ಲಾಸನ್ನು ಕೋಟೆಯ ಬುರುಜಿನ ಮೇಲಿರುವ ದೊಡ್ಡ ಫಿರಂಗಿ ತೋಪಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಅಡ್ಡಾಡುತ್ತಿದ್ದ ಮೂವರನ್ನು ಕರೆದು, ಈ ತೋಪು ಹಾರಿದಾಗ ಏನಾಯಿತು ಎಂದು ಕೇಳಿದರು. ಹಾರಿಸಿದವನ ಕಿವಿ ಹರಿದು ಹೋಯಿತೆಂದು ಒಬ್ಬ ಹೇಳಿದ. ಹತ್ತಿರದ ನೀರಿನ ತೊಟ್ಟಿಯಲ್ಲಿ ಮುಳುಗಿ ಬದುಕಿದನೆಂದು ಇನ್ನೊಬ್ಬ ಹೇಳಿದ. ಮೂರನೆಯವನು, ಊರಿನ ಬಸುರಿಯರಿಗೆಲ್ಲ ಅವತ್ತು ಗರ್ಭ ಇಳಿಯಿತೆಂದ. ಸರ್ ನಮ್ಮ ಕಡೆ ತಿರುಗಿದರು.

"ಇವರೊಳಗ ತೋಪು ಹಾರಿದ್ದನ್ನ ನೋಡಿದವರು ಯಾರು?"

ನಾವು ನಕ್ಕೆವು. ಅವರು ನಗಲಿಲ್ಲ.

"ನಗಬ್ಯಾಡ್ರಿ. ನಿಮ್ಮ ಪುಸ್ತಕದಾಗಿನ ಅರ್ಧ ಮಾತು ಹಿಂಗ ಬಂದಾವ. ಯಾರರೆ ಏನರೆ ಹೇಳಿದ್ರ ಮೊದಲ ಕೇಳ್ರಿ, ಈ ಮನಶ್ಯಾ ಕಣ್ಣಾರೆ ಕಂಡಾನೋ, ಕಿವಿಯಿಂದ ಕೇಳ್ಯಾನೋ? ಕೇಳಿದ್ರ ಯಾರಿಂದ ಕೇಳ್ಯಾನ? ಹಿಂಗ ಹೇಳೋದ್ರಿಂದ ಆತಗ ಏನರೆ ಲಾಭ ಐತೇನು? ಈತನ ಮಾತು ಕೇಳದ ಇರೋ ಇನ್ನೊಬ್ಬಾವ ಇದನ್ನ ಹೇಳ್ತಾನೇನು? ಇಷ್ಟು ಕೇಳಿದ ಮ್ಯಾಲೆ ಬರೀರಿ."

ದೀಪಾವಳಿ ಸೂಟಿಗೆ ಕಾಲೇಜು ಮುಚ್ಚುವುದರೊಳಗೆ ಪ್ರತಿಯೊಬ್ಬರೂ ಒಂದು ನಿಬಂಧ ಬರೆದು ಕೊಡಬೇಕೆಂದು ಹೇಳಿದರು. ನಮ್ಮ ನಮ್ಮ ಊರಲ್ಲಿ ಎಲ್ಲರೂ ಖರೆ ಎಂದು ನಂಬಿದ ಒಂದು ಮಾತನ್ನು ಹಿಡಿದು, ಅದು ಎಲ್ಲಿಂದ ಬಂತೆಂದು ಬುಡದತನಕ ಹೋಗಿ ನೋಡಿ ಬರಬೇಕು. ನಾನು ನಮ್ಮೂರ ಹಳೆಯ ಬಾವಿಯನ್ನು ಯಾರು ತೋಡಿಸಿದರು ಎಂಬುದರ ಮೇಲೆ ಬರೆಯುತ್ತೇನೆಂದೆ. ನನ್ನ ಗೆಳೆಯ ಮಹಬೂಬ ಇನ್ನೂ ಏನೂ ಗೊತ್ತುಮಾಡಿರಲಿಲ್ಲ. ಅವನ ಮನೆ ಇದೇ ಇಬ್ರಾಹಿಂಪುರದಲ್ಲಿ, ಹಳಿಯ ಪಕ್ಕದಲ್ಲಿತ್ತು. ಅವನ ತಂದೆಗೆ ರೈಲ್ವೆಯಲ್ಲಿ ನೌಕರಿ.

ಆ ವರ್ಷ ಮಳೆ ಎರಡು ಸಲ ಬಂದು ನಿಂತುಬಿಟ್ಟಿತು. ಬಾವಿಗಳಿಗೆ ಹೊಸ ನೀರಿನ ಜೊತೆ ಊರಿನ ಹೊಲಸೂ ಹರಿದು ಸೇರಿತು. ವಾಂತಿಭೇದಿ ಮೊದಲು ಹೊಳೆಸಾಲಿನ ಹಳ್ಳಿಗಳಲ್ಲಿ ಕಾಣಿಸಿ ಆಮೇಲೆ ಬಬಲೇಶ್ವರದ ಕಡೆ ಬಂತು. ಸರಕಾರದವರು ಊರೂರಿಗೆ ಮಂದಿ ಕಳಿಸಿ ಬಾವಿಗೆ ಪುಡಿ ಹಾಕಿಸುವುದು, ಚಾವಡಿಯಲ್ಲಿ ಜನರನ್ನು ಕೂಡಿಸಿ ತೋಳಿಗೆ ಸೂಜಿ ಚುಚ್ಚುವುದು ಶುರುವಾಯಿತು. ಹಳ್ಳಿಯವರು ಅವರಿಗೆ ಸೂಜಿಮಂದಿ ಎಂದು ಹೆಸರಿಟ್ಟರು.

ಒಂದು ಶನಿವಾರ ಊರಿಗೆ ಹೋದೆ. ನೀಲಕ್ಕ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳನ್ನು ಬಬಲೇಶ್ವರಕ್ಕೆ ಕೊಟ್ಟಿತ್ತು. ಚೊಚ್ಚಲು. ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿದವಳೇ ಕೇಳಿದಳು:

"ತಮ್ಮಾ, ಕಾಖಂಡಕ್ಯಾಗ ಒಬ್ಬಾಕಿ ಬಸುರಿ ಸೂಜಿ ಮಾಡಿಸಿಕೊಂಡು ಸತ್ಳಂತಲ್ಲ, ಖರೇನೇನೋ? ಚುಚ್ಚಿದ ಕೈ ಕರ್ರಗ ಇದ್ದಿಲ ಆಗಿತ್ತಂತ. ಸಂಜೀಕ ಕೂಸೂ ಹೋತು, ಆಕೀನೂ ಹೋದ್ಳಂತ."

"ಯಾರು ಹೇಳಿದ್ರು?"

"ಅಪ್ಪ ಹೇಳಿದ. ಎಲ್ಲಾರೂ ಹೇಳಾಕತ್ತಾರ."

ಅಪ್ಪನ ಅಂಗಡಿಯ ಕಟ್ಟೆಯ ಮೇಲೆ ದಿನಾ ಹತ್ತಾರು ಮಂದಿ ಕೂಡುತ್ತಿದ್ದರು. ನಾನು ಹೋಗಿ ನಿಂತಾಗ ಅಲ್ಲಿಯೂ ಅದೇ ಮಾತು. ಸೂಜಿಮಂದಿ ಮುಂದಿನ ವಾರ ತಿಕೋಟಾಕ್ಕೆ ಬರುವವರಿದ್ದರು. ತಮ್ಮ ಮನೆಯ ಹೆಣ್ಣುಮಕ್ಕಳನ್ನು ಅವರ ಕಣ್ಣಿಗೆ ಬೀಳದಂತೆ ಎಲ್ಲಿಗೆ ಕಳಿಸಬೇಕೆಂದು ಎಲ್ಲರೂ ಯೋಚಿಸುತ್ತಿದ್ದರು. ಯಾರು ಹೇಳಿದರೆಂದು ಅಪ್ಪನನ್ನು ಕೇಳಿದೆ. "ಬಳಿಗಾರ ಚನ್ನಪ್ಪ. ಆತ ದೇಶಾ ತಿರಗಾವ. ಆತಗ ಗೊತ್ತಿರದ ಸುದ್ದಿ ಯಾವದು?" ಎಂದ.

ರಾತ್ರಿ ಊಟಕ್ಕೆ ಕೂತಾಗ ನೀಲಕ್ಕ ಮೆಲ್ಲಗೆ ಹೇಳಿದಳು, "ನೀ ಶಾಣ್ಯಾ ಅದಿ. ಒಂದ ಸಲ ಹೋಗಿ ನೋಡ್ಕೊಂಡ ಬಾ. ಈ ವಾಂತಿಭೇದಿ ಬ್ಯಾನಿ ಹತ್ತಿರ ಬರಾಕತ್ತೈತಿ. ನನಗ ಸೂಜೀದೂ ಅಂಜಿಕಿ ಐತಿ, ಬ್ಯಾನೀದೂ ಅಂಜಿಕಿ ಐತಿ."

ಬಾವಿಯ ನಿಬಂಧ ಅಲ್ಲಿಗೇ ಬಿಟ್ಟೆ. ವಿಜಾಪುರಕ್ಕೆ ಮರಳಿ ಮಹಬೂಬನಿಗೆ ಹೇಳಿದೆ. "ನಮ್ಮ ಮನ್ಯಾಗ ಅಮ್ಮೀಗಿ, ತಂಗಿಗಿ, ಎಲ್ಲಾರಿಗೂ ರೈಲ್ವೆದಾವ್ರು ಸೂಜಿ ಮಾಡ್ಯಾರ. ಯಾರೂ ಸತ್ತಿಲ್ಲ. ನಡೀಲೇ, ನಾನೂ ಬರ್ತೀನಿ" ಎಂದ. ಇಬ್ಬರೂ ಕಾಲೇಜು ತಪ್ಪಿಸಿ ಹೊರಟೆವು.

ಬಳೆಗಾರ ಚನ್ನಪ್ಪ ಬಬಲೇಶ್ವರದ ಸಂತೆಯಲ್ಲಿ ಸಿಕ್ಕ. ಒಬ್ಬ ಹುಡುಗಿಗೆ ಬಳೆ ಇಡುತ್ತ ನಮಗೆ ಉತ್ತರ ಕೊಟ್ಟ.

"ಬಸುರಿ ಸತ್ತಿದ್ದು ಖರೆ. ಸೂಜಿಯಿಂದ ಸತ್ತಿದ್ದೂ ಖರೆ. ಕೈ ಕರ್ರಗ ಆಗಿದ್ದು ಮಾತ್ರ ನಾ ಹೇಳಿಲ್ಲಪಾ. ಅದನ್ನ ಯಾರ ಸೇರಿಸಿದ್ರೋ."

"ನೀವು ನೋಡೀರೇನ್ರಿ?"

"ನಾ ಯಾಕ ನೋಡ್ಲಿ? ಇಲ್ಲೇ ಬಟ್ಟಿ ಹೊಲಿಯೋ ಮಲ್ಲಪ್ಪ ಹೇಳ್ಯಾನ. ಆತ ಸುಳ್ಳ ಹೇಳಾವಲ್ಲ."

ಮಲ್ಲಪ್ಪ ನಿಜಕ್ಕೂ ಸುಳ್ಳು ಹೇಳುವವನಾಗಿರಲಿಲ್ಲ. ಮಶೀನಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೆನಪು ಮಾಡಿಕೊಂಡ. "ಕಾಖಂಡಕ್ಯಾಗ ಒಬ್ಬಾಕಿ ಬಸುರಿ ಸತ್ಳು ಅಂತ ಹೇಳೇನಿ. ಅಲ್ಲಿ ಸೂಜಿಮಂದಿ ಬಂದಾರ ಅಂತನೂ ಹೇಳೇನಿ. ಸೂಜಿಯಿಂದ ಸತ್ಳು ಅಂತ ನಾ ಅಂದಿಲ್ಲಪಾ. ಎರಡೂ ಸುದ್ದಿ ಒಂದ ದಿನ ಕೇಳಿದ್ದೆ. ಒಂದ ಉಸರಿನ್ಯಾಗ ಹೇಳಿರಬೇಕು."

ಮಹಬೂಬ ನನ್ನ ಮುಖ ನೋಡಿದ. ಅಷ್ಟಕ್ಕೇ ನಿಲ್ಲಿಸಿದ್ದರೂ ನಿಬಂಧಕ್ಕೆ ಸಾಕಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಅಕ್ಕನ ಮುಂದೆ ನಿಂತು ಹೇಳಬಹುದಾದ ಮಾತು. ಕಾಖಂಡಕಿಯ ಕಡೆ ಹೊರಟಿದ್ದ ಒಂದು ಚಕ್ಕಡಿ ಹಿಡಿದೆವು. ಎರೆಮಣ್ಣಿನ ದಾರಿ, ಗಾಲಿಗೆ ಮಣ್ಣು ಮೆತ್ತಿಕೊಂಡು ಎತ್ತುಗಳು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದವು.

ಸತ್ತವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳ ಅತ್ತೆ ಯಲ್ಲವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾವು ಬಂದ ಕಾರಣ ಹೇಳಿದಾಗ ಮೊರ ಕೆಳಗಿಟ್ಟಳು.

"ಸೂಜಿಯಿಂದ? ಯಾರಪಾ ಹಂಗ ಹೇಳಿದಾವ? ಕೂಸು ಅಡ್ಡ ತಿರುಗಿತ್ತು. ಎರಡ ದಿನಾ ತ್ರಾಸ ಮಾಡ್ಕೊಂಡ್ಳು. ಇದ ಹೊಸ್ತಿಲದಾಗ ಗಾಡಿ ಹೂಡಿ ನಿಲ್ಲಿಸಿದ್ವಿ, ಗಾಡಿ ಹತ್ತಸಾಕೂ ಆಗಲಿಲ್ಲ. ಸೂಜಿಮಂದಿ ಬಂದಿದ್ದು ಆಕೀ ಸತ್ತು ದಿನಾ ಮಾಡಿದ ಮ್ಯಾಲೆ. ನೋಡು, ನಾನೂ ಮಾಡಿಸ್ಕೊಂಡೇನಿ." ಸೀರೆಯ ಸೆರಗು ಸರಿಸಿ ತೋಳು ತೋರಿಸಿದಳು. "ಒಂದಿನಾ ಕೈ ಬಾತಿತ್ತು, ಜ್ವರಾ ಬಂದಿತ್ತು. ಬ್ಯಾರೇನಿಲ್ಲ."

ಸೆರಗು ಹೊದ್ದುಕೊಂಡು ಕೇಳಿದಳು, "ಎಲ್ಲೆಲ್ಲಿ ಹೇಳಾಕತ್ತಾರ ಇದನ್ನ?"

"ಬಬಲೇಶ್ವರದಾಗ, ತಿಕೋಟಾದಾಗ, ಎಲ್ಲಾ ಕಡೆ."

"ಆಕೀ ಹೆಸರರೆ ಹೇಳ್ತಾರೇನು?"

ಹೆಸರು ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

"ಗಂಗವ್ವ" ಎಂದಳು. "ಗಂಗವ್ವ ಅಂತ ಆಕೀ ಹೆಸರು. ಆಕೀ ಸತ್ತಾಗ ಬ್ಯಾನಿಗಿ ಅಂಜಿ ಬೀಗರೂ ಮಣ್ಣಿಗಿ ಬರಲಿಲ್ಲ. ಈಗ ಊರೂರು ಆಕೀನ್ನ ತಿರಗಸಾಕತ್ತಾರ."

ನಾನು ಹಿಗ್ಗಿನಿಂದ ಮರಳಿದೆ. ಹೀಗೆ ಹೇಳಲು ನಾಚಿಕೆಯಾಗುತ್ತದೆ, ಸೊಸೆಯನ್ನು ಕಳೆದುಕೊಂಡವಳ ದುಃಖ ಕೇಳಿ ಬಂದವನಿಗೆ ಹಿಗ್ಗು. ಹದಿನೆಂಟರ ಹುಡುಗ. ಕಣ್ಣಾರೆ ಕಂಡವಳು, ಲಾಭವಿಲ್ಲದವಳು, ಯಾರ ಬಾಯಿಂದಲೂ ಕೇಳದೆ ಹೇಳಿದವಳು, ಜೋಶಿ ಸರ್ ಹೇಳಿದ ಎಲ್ಲವೂ ಆ ಮುದುಕಿಯಲ್ಲಿತ್ತು. ಇನ್ನೇನು ಬೇಕು ಎಂದುಕೊಂಡೆ.

ಅಪ್ಪನ ಅಂಗಡಿಯ ಕಟ್ಟೆಯ ಮುಂದೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಬಳೆಗಾರ, ಮಲ್ಲಪ್ಪ, ಯಲ್ಲವ್ವ. ಎಲ್ಲರೂ ಕೇಳಿದರು. ಕೇಳಿಯಾದ ಮೇಲೆ ಒಬ್ಬರು ಎಲೆಯಡಿಕೆ ಉಗುಳಿ ಬಂದು ಹೇಳಿದರು:

"ಆಕೀ ಮಗಗ ಸರಕಾರದಾವ್ರು ಏನರೆ ಕೊಟ್ಟಿರಬೇಕು. ಇಲ್ಲಂದ್ರ ಹಿಂಗ ಹೇಳ್ತಾಳೇನು?"

"ಆಕೀ ಸ್ವಂತ ಸೊಸಿ ರೀ. ಆಕೀ ಕಣ್ಣಮುಂದ ಸತ್ತಾಳ."

"ನೋಡಪಾ, ನೀ ಒಬ್ಬ ಮುದುಕೀ ಮಾತು ಕೇಳ್ಕೊಂಡ ಬಂದಿ. ನಾವು ನೂರು ಮಂದಿ ಬಾಯಾಗ ಕೇಳೇವಿ. ನೂರು ಮಂದಿ ಸುಳ್ಳೇನು?"

ಆ ನೂರು ಮಂದಿಯೂ ಒಬ್ಬನಿಂದಲೇ ಕೇಳಿದ್ದು, ಆ ಒಬ್ಬನೂ ನೋಡಿಲ್ಲ ಎಂದೆ. ಕಟ್ಟೆಯ ಮೇಲೆ ಕೂತವರು ಪರಸ್ಪರ ಮುಖ ನೋಡಿಕೊಂಡು ನಕ್ಕರು. ಅಪ್ಪನಿಗೆ ಅವಮಾನವಾಯಿತು. "ಒಳಗ ನಡಿ" ಎಂದ.

ಒಳಗೆ ಬಂದ ಮೇಲೆ ಅವನ ದನಿ ಬೇರೆಯಾಯಿತು. "ಲೇ ಗುರ್ಯಾ, ನೀ ಹೇಳಿದ್ದು ಖರೇನ ಇರಬಹುದು. ಆದ್ರ ನಿಮ್ಮಕ್ಕ ಈಗ ನಮ್ಮಾಕಿ ಅಲ್ಲ, ಬಬಲೇಶ್ವರದವರ ಸೊಸಿ. ಹೊಟ್ಟ್ಯಾಗ ಅವರ ವಂಶ ಐತಿ. ಏನರೆ ಹೆಚ್ಚುಕಡಿಮಿ ಆದ್ರ ನಾ ಯಾರಿಗಿ ಜವಾಬ ಕೊಡ್ಲಿ? ಸೂಜಿ ಮಾಡಿಸದ ಏನರೆ ಆದ್ರ ದೇವರ ಮ್ಯಾಲೆ ಹೋಗತೈತಿ. ಮಾಡಿಸಿ ಆದ್ರ ನನ್ನ ಮ್ಯಾಲೆ ಬರತೈತಿ."

ನೀಲಕ್ಕ ಅಡುಗೆಮನೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಅವಳ ಹತ್ತಿರ ಕೂತೆ. "ನಾ ನಂಬತೀನಿ ತಮ್ಮಾ" ಎಂದಳು. "ಗಂಗವ್ವ ಅಂತೇನು ಆಕೀ ಹೆಸರು? ಪಾಪ. ನಾ ನಂಬತೀನಿ. ನಾ ನಂಬಿ ಏನ್ ಮಾಡ್ಲಿ?"

ಸೂಜಿಮಂದಿ ತಿಕೋಟಾಕ್ಕೆ ಬಂದ ದಿನ ಬೆಳಿಗ್ಗೆಯೇ ಅಪ್ಪ ಗಾಡಿ ಕಟ್ಟಿಸಿ ಅವ್ವನನ್ನೂ ನೀಲಕ್ಕನನ್ನೂ ಹೊಲಕ್ಕೆ ಕಳಿಸಿಬಿಟ್ಟ. ತುಂಬಿದ ಹೊಟ್ಟೆಯವಳು ಇಡೀ ದಿನ ಬೇವಿನ ಗಿಡದ ಕೆಳಗೆ ತುಂತುರು ಮಳೆಯಲ್ಲಿ ಕೂತಿದ್ದಳು. ಊರ ಮುಕ್ಕಾಲು ಮಂದಿ ಹಾಗೆಯೇ ಹೊಲ ಸೇರಿದ್ದರು. ಚಾವಡಿಯಲ್ಲಿ ಸೂಜಿಯವರು ಖಾಲಿ ಕೂತಿದ್ದರು. ನಾನು ಹೋಗಿ, ಗಂಡಸರು ನಾಲ್ಕು ಮಂದಿ ನೋಡುತ್ತಿರುವಾಗಲೇ ಅಂಗಿಯ ತೋಳು ಮಡಚಿ ಚುಚ್ಚಿಸಿಕೊಂಡೆ. ನನ್ನನ್ನು ನೋಡಿಯಾದರೂ ನಂಬಲಿ ಎಂಬ ಆಸೆ. ಕಣ್ಣಾರೆ ಕಾಣುವುದಕ್ಕೆ ಇದಕ್ಕಿಂತ ಬೇರೆ ಏನು ಬೇಕು?

ಸಂಜೆಗೆ ನನಗೆ ಚಳಿಜ್ವರ ಬಂತು. ಬರುವುದೇ ಅದು, ಯಲ್ಲವ್ವನಿಗೂ ಬಂದಿತ್ತು. ಕಂಬಳಿ ಹೊದ್ದು ಪಡಸಾಲೆಯಲ್ಲಿ ಮಲಗಿದ್ದೆ. ಊರ ಮಂದಿ ಬಂದು ಬಂದು ಬಾಗಿಲಲ್ಲಿ ಇಣುಕಿ ಹೋದರು. ಅವ್ವ ಹಣೆ ಮುಟ್ಟಿ ಅಳುತ್ತಿದ್ದಳು. ಬೆಳಗಾಗುವುದರೊಳಗೆ ಜ್ವರ ಬಿಟ್ಟಿತು, ರೊಟ್ಟಿ ತಿಂದು ಎದ್ದು ಓಡಾಡಿದೆ. ಅದನ್ನು ನೋಡಲು ಯಾರೂ ಬರಲಿಲ್ಲ. ಊರಲ್ಲಿ ಉಳಿದದ್ದು ಅಂಗಡಿಯವರ ಮಗನಿಗೆ ಸೂಜಿಯಿಂದ ಜ್ವರ ಬಂತೆಂಬ ಮಾತೊಂದೇ.

ಮಹಬೂಬನ ತಾಯಿ, "ಅಕ್ಕನ್ನ ಇಲ್ಲಿ ಕರಕೊಂಡ ಬಾ ಬೇಟಾ, ನಮ್ಮ ಮನ್ಯಾಗ ಎರಡ ದಿನಾ ಇರ್ಲಿ, ಸೂಜಿ ಮಾಡಸಾಕ ದವಾಖಾನಿಗಿ ನಾನ ಕರಕೊಂಡ ಹೋಗತೀನಿ" ಎಂದು ಹೇಳಿ ಕಳಿಸಿದ್ದಳು. ಬಾಣಂತನದ ಬಟ್ಟೆ ಕೊಳ್ಳುವ ನೆಪ ಮಾಡಿ ಕರೆದೊಯ್ಯುವುದೆಂದು ನಾನೂ ಅಕ್ಕನೂ ಗೊತ್ತುಮಾಡಿಕೊಂಡೆವು. ಬಸ್ಸು ಕೆಸರಿನಿಂದಾಗಿ ಬರುವುದು ನಿಂತಿತ್ತು. ಇಂದು ಬಂದೀತು, ನಾಳೆ ಬಂದೀತು ಎಂದು ಕಾಯುತ್ತಿದ್ದೆವು.

ಬಸ್ಸಿಗಿಂತ ಮೊದಲು ಬ್ಯಾನಿ ಬಂತು. ಕೆಳಗಿನ ಓಣಿಯಲ್ಲಿ ಒಬ್ಬ ಮುದುಕ ಹೋದ, ಆಮೇಲೆ ಎರಡು ಮಕ್ಕಳು. ಒಂದು ಬೆಳಿಗ್ಗೆ ನೀಲಕ್ಕ ಹಿತ್ತಲಿನಿಂದ ಗೋಡೆ ಹಿಡಿದುಕೊಂಡು ಬಂದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಒಳಗೆ ಹೋಗಿ, ಕೈಬೆರಳು ನೀರಲ್ಲಿ ಬಹಳ ಹೊತ್ತು ಇಟ್ಟವರ ಬೆರಳಿನಂತೆ ಮುದುಡಿದ್ದವು. ಅಪ್ಪ ತಾನೇ ಗಾಡಿ ಹೂಡಿದ. ಹಾಸಿಗೆ ಹಾಕಿ ಮಲಗಿಸಿಕೊಂಡು ವಿಜಾಪುರದ ದವಾಖಾನೆಗೆ ಹೊರಟೆವು. ಅವ್ವ ತಲೆ ತೊಡೆಯ ಮೇಲಿಟ್ಟುಕೊಂಡಿದ್ದಳು, ನಾನು ಗಾಲಿ ನೂಕುತ್ತಿದ್ದೆ.

"ನೀರು ಕೊಡು ಬೇ" ಎನ್ನುತ್ತಿದ್ದಳು ನೀಲಕ್ಕ. ದಾರಿಯುದ್ದಕ್ಕೂ ಅದೊಂದೇ ಮಾತು.

ಈ ಬ್ಯಾನಿಯವರಿಗೆ ನೀರು ಕೊಡಬಾರದು, ಕೊಟ್ಟರೆ ಹೆಚ್ಚಾಗುತ್ತದೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಅವ್ವ ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು, ಅಷ್ಟೇ. ಆ ಮಾತೂ ಸುಳ್ಳೆಂದು, ನೀರೇ ಔಷಧವೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಮೊಮ್ಮಗನಿಗೆ ಭೇದಿಯಾದಾಗ ಡಾಕ್ಟರು ಉಪ್ಪು ಸಕ್ಕರೆ ಕಲಸಿದ ನೀರು ಕುಡಿಸಲು ಹೇಳಿದ ದಿನ. ಅವತ್ತು ಔಷಧದ ಅಂಗಡಿಯ ಮುಂದೆ ನಿಂತು ಅತ್ತೆ.

ಭೂತನಾಳದ ಕೆರೆ ಕಾಣುವ ಹೊತ್ತಿಗೆ ಅವಳು ಕೇಳುವುದನ್ನು ನಿಲ್ಲಿಸಿದಳು. ಅಪ್ಪ ಗಾಡಿ ನಿಲ್ಲಿಸಲಿಲ್ಲ. ದವಾಖಾನೆಯ ಬಾಗಿಲತನಕ ಹೊಡೆದುಕೊಂಡು ಹೋದ.

ನಾನು ಕಾಲೇಜಿಗೆ ಮರಳಿದ್ದು ಮಳೆ ಮುಗಿದ ಮೇಲೆ. ನಿಬಂಧ ಬರೆದೆ. ಬೇರೆ ಏನು ಮಾಡಬೇಕೆಂದು ತಿಳಿಯದೆ ಬರೆದೆ. ಜೋಶಿ ಸರ್ ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ, ಒಂದು ಸುದ್ದಿಯ ಬುಡ ಹುಡುಕುವುದೆಂದರೆ ಹೀಗೆ ಎಂದು ಹೊಗಳಿದರು. ಯಲ್ಲವ್ವನ ಮಾತಿನೊಂದಿಗೆ ನಿಬಂಧ ಮುಗಿದಿತ್ತು. ಆಮೇಲಿನದನ್ನು ನಾನು ಬರೆದಿರಲಿಲ್ಲ. ಕ್ಲಾಸು ಮುಗಿದ ಮೇಲೆ ಮಹಬೂಬನೇ ಅವರಿಗೆ ಹೇಳಿದ. ಸರ್ ನನ್ನನ್ನು ಕರೆಸಿ ಎದುರಿಗೆ ಕೂಡಿಸಿಕೊಂಡರು.

"ಖರೇ ಯಾವುದು ಅಂತ ಹುಡಕೋದನ್ನ ನಾ ಕಲಿಸ್ತೀನಪಾ" ಎಂದರು. "ಅದನ್ನ ಮಂದಿ ಕಿವ್ಯಾಗ ಹೆಂಗ ಹಾಕೋದು ಅನ್ನೋದು ನನಗೂ ಯಾರೂ ಕಲಿಸಿಲ್ಲ."

ದೀಪಾವಳಿಗೆ ಮೊದಲು ಅಕ್ಕನ ಸೀರೆ, ಪಾತ್ರೆಗಳನ್ನು ಅವಳ ಅತ್ತೆಯ ಮನೆಗೆ ಮುಟ್ಟಿಸಲು ಬಬಲೇಶ್ವರಕ್ಕೆ ಹೋದೆ. ಬಸ್ಸು ನಿಲ್ಲುವಲ್ಲಿ ಚಹಾದ ಅಂಗಡಿ. ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ತನ್ನ ಜೊತೆಗಾರನಿಗೆ ಹೇಳುತ್ತಿದ್ದ:

"ಸೂಜಿ ಅಂದ್ರ ಹುಡುಗಾಟಿಕಿ ಅಲ್ಲೋ. ತಿಕೋಟಾದಾಗ ಕಿರಾಣಿ ಅಂಗಡಿಯವರ ಮಗಳು ದಿನಾ ತುಂಬಿದಾಕಿ, ಸೂಜಿ ಮಾಡಿಸಿಕೊಂಡು ಸತ್ಳು. ಆಕೀ ತಮ್ಮನೂ ಸಾಯಾಂವ, ಹೆಂಗೋ ಉಳದ."

"ಆಕೀ ಸೂಜಿ ಮಾಡಿಸಿಕೊಂಡಿದ್ದಿಲ್ಲ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ. "ನಾನ ಆಕೀ ತಮ್ಮ."

ಅವನು ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ನಿಜವಾದ ಕನಿಕರವಿತ್ತು. ಹೆಗಲ ಮೇಲೆ ಕೈಯಿಟ್ಟು, "ಇರ್ಲಿ ಬಿಡ್ರಿ. ಮನ್ಯಾಗಿಂದು ಹೊರಗ ಹೇಳಾಕ ಬರಂಗಿಲ್ಲ, ನಮಗ ತಿಳೀತೈತಿ" ಎಂದು ನನ್ನ ಚಹಾದ ಹಣ ತಾನೇ ಕೊಟ್ಟು ಹೋದ.

ಸೂಟಿಗೆ ಊರಿಗೆ ಬಂದೆ. ಆ ಹೊತ್ತಿಗೆ ಆ ಮಾತು ನನಗಿಂತ ಮೊದಲು ತಿಕೋಟಾಕ್ಕೆ ಬಂದಿತ್ತು. ಬಬಲೇಶ್ವರದಿಂದ ಬಂದ ಗಿರಾಕಿಯೊಬ್ಬ, ನಿಮ್ಮ ಹುಡುಗನೇ ಅಲ್ಲಿ ಚಹಾದ ಅಂಗಡಿಯಲ್ಲಿ ಒಪ್ಪಿಕೊಂಡನಂತೆ ಎಂದು ಅಪ್ಪನಿಗೆ ಹೇಳಿ ಹೋಗಿದ್ದ. ಅಪ್ಪ ಅಂಗಡಿಯ ಬಾಗಿಲು ಹಾಕಿ ಒಳಗೆ ಬಂದ. ಅಕ್ಕ ಸತ್ತ ಎರಡು ತಿಂಗಳಲ್ಲಿ ಅವನ ಗಡ್ಡ ಪೂರಾ ಬೆಳ್ಳಗಾಗಿತ್ತು. ನನ್ನೆದುರು ನೆಲದ ಮೇಲೆ ಕೂತ.

"ಗುರ್ಯಾ, ಒಂದ ಮಾತು ಕೇಳ್ತೀನಿ. ಸಿಟ್ಟು ಮಾಡಂಗಿಲ್ಲ, ಬಡಿಯಂಗಿಲ್ಲ. ಖರೇ ಹೇಳು. ಆಕೀನ್ನ ಕದ್ದು ಕರಕೊಂಡ ಹೋಗಿ ಸೂಜಿ ಮಾಡಿಸಿದ್ದೇನು?"

"ಯಪ್ಪಾ, ನೀನ ಅಲ್ಲಾ ಆಕೀನ್ನ ಹೊಲಕ್ಕ ಕಳಿಸಿದಾವ? ನೀನ ಗಾಡಿ ಕಟ್ಟಿಸಿದಿ!"

"ಕಳಿಸಿದ್ದು ಹೌದು" ಎಂದ. ನೆಲ ನೋಡುತ್ತಿದ್ದ. "ಆದ್ರ ಆಮ್ಯಾಲೆ ನಾ ಅಂಗಡ್ಯಾಗಿದ್ದೆ."

ಅಡುಗೆಮನೆಯಿಂದ ಅವ್ವ, "ಇಡೀ ದಿನಾ ಆಕೀ ನನ್ನ ಜೋಡಿ ಬೇವಿನ ಗಿಡದ ಕೆಳಗ ಕೂತಿದ್ಳು" ಎಂದಳು. ಅಪ್ಪ ಅತ್ತ ತಿರುಗಲಿಲ್ಲ. ನನ್ನ ಉತ್ತರಕ್ಕಾಗಿ ಕಾಯುತ್ತ ಹಾಗೆಯೇ ಕೂತಿದ್ದ.